ಪ್ರೇಮಕಾದಂಬರಿಯೊಳಗಿನ ಇತಿಹಾಸವನ್ನು ಪರೀಕ್ಷಿಸುವ ಬಗೆ: ಬೆಂಗಳೂರಿನ ಓದುಗರಿಗೊಂದು ಕೈಪಿಡಿ

ಐತಿಹಾಸಿಕ ಪ್ರೇಮಕಾದಂಬರಿ ಬರೆಯುವವರು ಯುದ್ಧದ ವಿಷಯದಲ್ಲಿ ಬಹಳ ಹುಷಾರಾಗಿರುತ್ತಾರೆ. ಯಾವ ಕೋಟೆ ಯಾವ ದಿನ ಬಿತ್ತು, ಕಿಲ್ಲೇದಾರನ ಹೆಸರೇನು ಎಂಬುದರಲ್ಲಿ ತಪ್ಪಿದರೆ ನಿವೃತ್ತ ಮೇಷ್ಟರೊಬ್ಬರು ಪ್ರಕಾಶಕರಿಗೆ ನಾಲ್ಕು ಪುಟದ ಪತ್ರ ಬರೆದೇ ಬರೆಯುತ್ತಾರೆಂದು ಅವರಿಗೆ ಗೊತ್ತು. ಪ್ರೇಮದ ಪ್ರಸಂಗ ಬಂದಾಗ ಮಾತ್ರ ಲೇಖನಿ ಸಡಿಲವಾಗುತ್ತದೆ. ಹೈದರನ ಕಾಲದ ಪೇಟೆಯ ಸಾಹುಕಾರರ ಮಗಳು ಇಪ್ಪತ್ತೆರಡು ವರ್ಷವಾದರೂ ಮದುವೆಯಿಲ್ಲದೆ ಮಹಡಿಯ ಕಿಟಕಿಯಲ್ಲಿ ನಿಂತಿರುತ್ತಾಳೆ. ಅವಳ ಕೈಗೆ ಸಂಜೆಯೊಳಗೆ ಪ್ರೇಮಪತ್ರ ತಲುಪುತ್ತದೆ. ಆ ರಾತ್ರಿ ಆಕಾಶದಲ್ಲಿ ಹುಣ್ಣಿಮೆ ಚಂದ್ರನಿರುತ್ತಾನೆ. ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಪ್ರೀತಿ ಎಲ್ಲ ಕಾಲಕ್ಕೂ ಒಂದೇ ಎಂದು ನಾವೆಲ್ಲ ನಂಬಿದ್ದೇವೆ.

ಭಾವನೆ ಒಂದೇ ಇದ್ದೀತು. ಅದಕ್ಕಿದ್ದ ಅವಕಾಶ ಒಂದೇ ಆಗಿರಲಿಲ್ಲ. ಯಾರು ಯಾರ ಮುಖ ನೋಡಬಹುದಿತ್ತು, ಯಾವ ಹೊತ್ತಿನಲ್ಲಿ, ಎಷ್ಟು ಬೆಳಕಿನಲ್ಲಿ, ಯಾವ ವಯಸ್ಸಿನಲ್ಲಿ, ಯಾರ ಮೂಲಕ ಸುದ್ದಿ ಕಳಿಸಬಹುದಿತ್ತು ಎಂಬುದಕ್ಕೆಲ್ಲ ದಾಖಲೆಗಳಿವೆ. ಆದ್ದರಿಂದ ಕಾದಂಬರಿಯನ್ನು ಪರೀಕ್ಷಿಸಬೇಕೆನಿಸಿದರೆ ಸಿಂಹಾಸನವನ್ನು ಸದ್ಯಕ್ಕೆ ಬಿಟ್ಟು ಪ್ರೇಮವನ್ನೇ ಹಿಡಿಯಿರಿ ಎಂಬುದು ನನ್ನ ಸಲಹೆ. ಬೆಂಗಳೂರಿನಲ್ಲಿರುವ ಓದುಗರಿಗೆ ಇದು ಕಷ್ಟದ ಕೆಲಸವಲ್ಲ. ಬೇಕಾದದ್ದರಲ್ಲಿ ಹೆಚ್ಚಿನದು ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿದೆ, ಉಳಿದದ್ದು ಮೊಬೈಲಿನಲ್ಲೇ ಸಿಗುತ್ತದೆ.

ಮೊದಲ ಹೆಜ್ಜೆ: ಒಂದು ಚೀಟಿಯಲ್ಲಿ ಕಥೆಯ ಜಾತಕ ಬರೆದುಕೊಳ್ಳಿ

ವರ್ಷ, ಊರು, ಊರಿನೊಳಗಿನ ಬೀದಿ, ಆಳುವವರು ಯಾರು, ನಾಯಕ ನಾಯಕಿಯರ ವಯಸ್ಸು, ಜಾತಿ, ಮನೆಯ ಕಸುಬು. ಲೇಖಕರು ಇವುಗಳಲ್ಲಿ ಯಾವುದನ್ನು ಹೇಳದೆ ಜಾರಿಕೊಂಡಿದ್ದಾರೋ ಅದರ ಮುಂದೆ ಒಂದು ಗೆರೆ ಎಳೆಯಿರಿ. ನನ್ನ ಅನುಭವದಲ್ಲಿ ಹೆಚ್ಚು ಖಾಲಿ ಉಳಿಯುವುದು ಕಸುಬಿನ ಜಾಗ. ನಾಯಕ ಕುದುರೆಯೇರಿ ಬರುತ್ತಾನೆ, ಆ ಕುದುರೆಗೆ ಹುರುಳಿ ಎಲ್ಲಿಂದ ಬರುತ್ತದೆಂದು ಯಾರೂ ಹೇಳುವುದಿಲ್ಲ.

ಬೆಂಗಳೂರಿನ ಕಥೆಯಾದರೆ ವರ್ಷವನ್ನು ಖಚಿತಪಡಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಲಾಗದು, ಏಕೆಂದರೆ ಈ ಊರು ಮೇಲಿಂದ ಮೇಲೆ ಯಜಮಾನರನ್ನು ಬದಲಿಸಿದೆ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದರು. 1638ರಲ್ಲಿ ಬಿಜಾಪುರದ ಸೇನೆ ಊರನ್ನು ಹಿಡಿದು, ಅದು ಶಹಾಜಿಯ ಜಹಗೀರಾಯಿತು. 1687ರಲ್ಲಿ ಮೊಗಲರು ಬಂದರು. ಆಮೇಲೆ ಮೂರು ಲಕ್ಷ ರೂಪಾಯಿಗೆ ಊರು ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರಿತು. ಹೈದರ್ ಅಲಿ, ಟಿಪ್ಪು, 1799ರ ನಂತರ ಮತ್ತೆ ಒಡೆಯರು, 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು. ಅದೇ ಚಿಕ್ಕಪೇಟೆಯ ಅದೇ ಬೀದಿಯ ಅಜ್ಜಿ, ಮಗಳು, ಮೊಮ್ಮಗಳು ಮೂರು ಬೇರೆ ಬೇರೆ ಸರ್ಕಾರಗಳಿಗೆ ಕಂದಾಯ ಕಟ್ಟಿದ ಮನೆಗಳಲ್ಲಿ ಬದುಕಿರಬಹುದು.

ಇನ್ನೊಂದು ಗೆರೆ ಇದಕ್ಕಿಂತ ಮುಖ್ಯ. 1809ರಲ್ಲಿ ದಂಡು ಪ್ರದೇಶ, ಅಂದರೆ ಬ್ರಿಟಿಷ್ ಸೇನೆಯ ಕಂಟೋನ್ಮೆಂಟ್, ಹುಟ್ಟಿದ ಮೇಲೆ ಬೆಂಗಳೂರು ಒಂದೇ ಊರಾಗಿ ಉಳಿಯಲಿಲ್ಲ. ಪೇಟೆಗೂ ದಂಡಿಗೂ ಪ್ರತ್ಯೇಕ ಪುರಸಭೆಗಳಿದ್ದವು; ಅವು ಒಂದಾದದ್ದು 1949ರಲ್ಲಿ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡು ಮಾತ್ರ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿಯಿತು. ಹಾಗಾಗಿ 1900ರಲ್ಲಿ ಬಳೇಪೇಟೆಯ ಹುಡುಗ ಹಲಸೂರಿನ ಹುಡುಗಿಯನ್ನು ಪ್ರೀತಿಸಿದರೆ, ಅವರ ನಡುವೆ ಇದ್ದದ್ದು ಕಬ್ಬನ್ ಉದ್ಯಾನ ಮಾತ್ರವಲ್ಲ, ಪೊಲೀಸು, ಕೋರ್ಟು, ಕಾನೂನು ಎಲ್ಲವೂ ಬೇರೆ. ಬೆಂಗಳೂರಿನ ಪ್ರೇಮಕಥೆಗೆ ಇಷ್ಟು ಒಳ್ಳೆಯ ಅಡ್ಡಿಯನ್ನು ಇತಿಹಾಸವೇ ಸಿದ್ಧಪಡಿಸಿ ಇಟ್ಟಿರುವಾಗ ಲೇಖಕರು ಖಳನಾಯಕನಾದ ಸೋದರಮಾವನನ್ನೇ ಏಕೆ ಕರೆತರುತ್ತಾರೋ ತಿಳಿಯದು.

ಎರಡನೆಯ ಹೆಜ್ಜೆ: ವಯಸ್ಸು ಮತ್ತು ಮದುವೆ

ಇಲ್ಲಿ ನಿಧಾನವಾಗಿ ನಡೆಯಿರಿ, ಏಕೆಂದರೆ ಬಹುಪಾಲು ಕಾದಂಬರಿಗಳು ಎಡವುವುದು ಇಲ್ಲೇ.

1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹದ ಬಗ್ಗೆ ಒಂದು ಕಾಯ್ದೆ ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು. ಅದು ಆ ಕಾಲಕ್ಕೆ ಮುಂದಾಳುತನದ ಕಾಯ್ದೆ, ಅದಕ್ಕೂ ವಿರೋಧ ಬಂದಿತ್ತು. ಕಾಯ್ದೆ ಏನನ್ನು ನಿಷೇಧಿಸಿತು ಎಂಬುದನ್ನು ನೋಡಿದರೆ ಏನು ನಡೆಯುತ್ತಿತ್ತು ಎಂಬುದು ತಾನಾಗಿಯೇ ತಿಳಿಯುತ್ತದೆ. ಬ್ರಿಟಿಷ್ ಭಾರತದಲ್ಲಿ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದು ಶಾರದಾ ಕಾಯ್ದೆ ಗೊತ್ತುಮಾಡಿದ್ದು 1929ರಲ್ಲಿ. ಆದ್ದರಿಂದ 1850ರ ಅಗ್ರಹಾರದಲ್ಲಿ ಹತ್ತೊಂಬತ್ತು ವರ್ಷದ ಕನ್ಯೆ ಹೂ ಕೊಯ್ಯುತ್ತಾ ಹಾಡು ಹೇಳುತ್ತಿದ್ದರೆ ಚೀಟಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಲೇಖಕರು ಎಂಟು ವರ್ಷದ ನಾಯಕಿಯನ್ನು ತರಬೇಕೆಂದು ನಾನು ಹೇಳುತ್ತಿಲ್ಲ, ದೇವರೇ ಕಾಪಾಡಲಿ. ವಯಸ್ಸಿಗೆ ಬಂದ ಹೆಣ್ಣು ಮದುವೆಯಿಲ್ಲದೆ ಏಕಿದ್ದಾಳೆ ಎಂಬುದಕ್ಕೆ ಕಾರಣ ಕೊಡಬೇಕೆಂದಷ್ಟೇ ಹೇಳುತ್ತಿದ್ದೇನೆ. ಕಾರಣಗಳಿಗೇನೂ ಕೊರತೆಯಿಲ್ಲ. ಬಾಲ್ಯವಿವಾಹ ಕಟ್ಟುನಿಟ್ಟಾಗಿದ್ದದ್ದು ಮುಖ್ಯವಾಗಿ ಮೇಲುಜಾತಿಯ ಮನೆಗಳಲ್ಲಿ. ಒಕ್ಕಲು ಮನೆತನಗಳಲ್ಲಿ, ಕುಶಲಕರ್ಮಿಗಳಲ್ಲಿ, ದುಡಿಯುವ ಜಾತಿಗಳಲ್ಲಿ ಹುಡುಗಿಗೆ ವಯಸ್ಸಾದ ಮೇಲೆ ಮದುವೆಯಾಗುವುದಿತ್ತು. ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಡುವುದಿತ್ತು. ಗಂಡ ಸತ್ತವಳು ಅಥವಾ ಬಿಟ್ಟವಳು ಕೂಡಿಕೆ, ಉಡಿಕೆ ಎಂಬ ಹೆಸರಿನಲ್ಲಿ ಮತ್ತೊಬ್ಬನನ್ನು ಸೇರುವುದೂ ಇತ್ತು. ಅಂದರೆ ಬಯಸಿ ಆರಿಸಿಕೊಳ್ಳುವ ಹೆಣ್ಣು ನಮ್ಮ ಇತಿಹಾಸದಲ್ಲಿ ಇದ್ದಳು. ಆದರೆ ಅವಳು ಅರಮನೆಯ ಉಪ್ಪರಿಗೆಯಲ್ಲಿ ಇರಲಿಲ್ಲ, ತರಗುಪೇಟೆಯಲ್ಲಿ ಮೂಟೆಗಳ ಪಕ್ಕ ಇದ್ದಳು. ನಮ್ಮ ಪ್ರೇಮಕಾದಂಬರಿಗಳು ಅಲ್ಲಿಗೆ ಹೋಗುವುದು ಅಪರೂಪ.

ದಂಡಿನ ಕಡೆಗೆ ಬಂದರೆ ಚಿತ್ರ ಬೇರೆ. ಸೈನಿಕ ಸತ್ತರೆ ಅವನ ಹೆಂಡತಿಗೆ ದಂಡಿನ ಆಸರೆ ಬಹುಕಾಲ ಸಿಗುತ್ತಿರಲಿಲ್ಲ. ಹಾಗಾಗಿ ಯೂರೋಪಿಯನ್ ದಳಗಳಲ್ಲಿ ವಿಧವೆಯರು ಕೆಲವೇ ತಿಂಗಳಲ್ಲಿ ಇನ್ನೊಬ್ಬ ಸೈನಿಕನನ್ನು ಮದುವೆಯಾಗುವುದು ಸಾಮಾನ್ಯವಾಗಿತ್ತು. ಅದನ್ನು ಪ್ರೇಮವೆನ್ನಬೇಕೋ ಹೊಟ್ಟೆಪಾಡೆನ್ನಬೇಕೋ ಕಾದಂಬರಿಕಾರರೇ ತೀರ್ಮಾನಿಸಲಿ.

ಓದುಬರಹ, ಸಂಗೀತ, ಸ್ವಂತ ಆಸ್ತಿ ಮೂರೂ ಇದ್ದ ಹೆಂಗಸು ಬೇಕಾದರೆ ದೇವದಾಸಿ ಮನೆತನಗಳ ಕಡೆ ನೋಡಬೇಕು. ಬೆಂಗಳೂರು ನಾಗರತ್ನಮ್ಮನವರ ಬದುಕು ಇದಕ್ಕೆ ಸಾಕ್ಷಿ. 1878ರಲ್ಲಿ ಹುಟ್ಟಿದ ಅವರು ಮುದ್ದುಪಳನಿ ಎಂಬ ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿಯ ತೆಲುಗು ಶೃಂಗಾರ ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು 1910ರಲ್ಲಿ ಪೂರ್ಣವಾಗಿ ಅಚ್ಚು ಹಾಕಿಸಿದರು. ಅಶ್ಲೀಲವೆಂದು ಸರ್ಕಾರ ಅದನ್ನು ನಿಷೇಧಿಸಿತು. ಸ್ವಾತಂತ್ರ್ಯದ ಹೊತ್ತಿಗಷ್ಟೇ ಆ ನಿಷೇಧ ತೆರವಾಯಿತು. ಹಿಂದಿನ ಕಾಲದ ಹೆಣ್ಣು ಪ್ರೇಮದ ಬಗ್ಗೆ ಹೇಗೆ ಮಾತನಾಡುತ್ತಿದ್ದಳೆಂದು ಊಹಿಸುವ ಬದಲು ಹೆಣ್ಣೇ ಬರೆದ ಇಂಥ ಸಾಲುಗಳನ್ನು ಓದಿದರೆ, ನಾಚಿಕೆಯಿಂದ ಕಾಲುಬೆರಳಿನಲ್ಲಿ ನೆಲ ಗೀರುವ ನಾಯಕಿಯರ ಸಂಖ್ಯೆ ತುಸು ಕಡಿಮೆಯಾದೀತು.

ಮೂರನೆಯ ಹೆಜ್ಜೆ: ಚಂದ್ರನನ್ನು ವಿಚಾರಿಸಿ

ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಪರೀಕ್ಷೆ. ಇದರಲ್ಲಿ ಲೇಖಕರು ತಪ್ಪಿಸಿಕೊಳ್ಳುವಂತಿಲ್ಲ. ರಾಜವಂಶಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇರಬಹುದು, ಚಂದ್ರನ ಬಗ್ಗೆ ಇಲ್ಲ.

1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಕೋಟೆಗೆ ನುಗ್ಗಿತು. ಕಿಲ್ಲೇದಾರ್ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಆ ದಿನ ಹುಣ್ಣಿಮೆ ಕಳೆದು ಒಂದೆರಡು ದಿನವಾಗಿತ್ತಷ್ಟೇ, ದಾಳಿ ನಡೆದ ಹೊತ್ತಿಗೆ ಚಂದ್ರ ಮೇಲೇರಿದ್ದ. ಕೋಟೆಯೊಳಗಿಂದ ಪ್ರೇಯಸಿಯನ್ನು ಬಿಡಿಸಿಕೊಂಡು ಓಡುವ ನಾಯಕನಿಗೆ ಆ ರಾತ್ರಿ ಬೆಳದಿಂಗಳು ಕೊಡಬಹುದು, ಕೊಡಲೇಬೇಕು. ಬಚ್ಚಿಟ್ಟುಕೊಳ್ಳಲು ಕತ್ತಲೆ ಸಿಗದಿರುವುದೇ ಅವನ ಕಷ್ಟ.

ಎಂಟು ವರ್ಷಗಳ ನಂತರ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ದಾಳಿ ನಡೆದದ್ದು ಮಧ್ಯಾಹ್ನ. ಕತ್ತಲಾದ ಮೇಲೆ ಪಂಜಿನ ಬೆಳಕಿನಲ್ಲಿ ಹೆಣಗಳ ರಾಶಿಯೊಳಗೆ ಟಿಪ್ಪುವಿನ ದೇಹವನ್ನು ಹುಡುಕಿದರು. ಪಂಜು ಏಕೆ ಬೇಕಾಯಿತೆಂದರೆ ಅಂದು ಅಮಾವಾಸ್ಯೆ. ಆ ರಾತ್ರಿ ಕಾವೇರಿಯ ಅಲೆಗಳ ಮೇಲೆ ಬೆಳದಿಂಗಳು ಹರಡುವ ಅಧ್ಯಾಯ ಕಂಡರೆ ಲೇಖಕರು ಪಂಚಾಂಗ ತೆರೆದಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಹಬ್ಬಗಳಿಗೆ ಲೆಕ್ಕವೂ ಬೇಡ. ಧರ್ಮರಾಯನ ಗುಡಿಯಿಂದ ಹೊರಡುವ ಕರಗ ಚೈತ್ರ ಹುಣ್ಣಿಮೆಯ ರಾತ್ರಿ. ಊರಿಗೆ ಊರೇ ಎದ್ದಿರುವ, ಗಂಡು ಹೆಣ್ಣು ಎಲ್ಲರೂ ಬೀದಿಯಲ್ಲಿರುವ ಬೆಳದಿಂಗಳ ರಾತ್ರಿ. ಪ್ರೇಮಿಗಳಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗದು. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುವುದರಿಂದ ಆ ಸೋಮವಾರ ಯಾವಾಗಲೂ ಕೃಷ್ಣಪಕ್ಷದ ಕೊನೆಯ ದಿನಗಳಲ್ಲೇ ಬೀಳುತ್ತದೆ. ಸಂಜೆಯ ಪರಿಷೆಯಲ್ಲಿ ಚಂದ್ರ ಇರುವುದೇ ಇಲ್ಲ. ಅಲ್ಲಿ ಮುಖ ಕಾಣಬೇಕಾದರೆ ಅಂಗಡಿಯ ದೀಪದ ಮುಂದೆಯೇ ನಿಲ್ಲಬೇಕು. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಊರಿಗೆ ಬರುವವರೆಗೆ ಆ ದೀಪ ಎಣ್ಣೆಯದೇ.

ಹಳೆಯ ದಿನಾಂಕದ ತಿಥಿ ನೋಡುವುದು ಹೇಗೆಂದರೆ, ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರು 1922ರಲ್ಲಿ ಪ್ರಕಟಿಸಿದ ಭಾರತೀಯ ಪಂಚಾಂಗದ ಸಂಪುಟಗಳಲ್ಲಿ ಕ್ರಿ.ಶ. 700ರಿಂದ 1799ರವರೆಗಿನ ಪ್ರತಿ ದಿನದ ಲೆಕ್ಕವಿದೆ. ಅಷ್ಟು ದೊಡ್ಡ ಸಂಪುಟ ಎತ್ತಲಾರದವರು ಯಾವುದಾದರೂ ಖಗೋಳದ ಮೊಬೈಲ್ ಆ್ಯಪ್‌ನಲ್ಲಿ ದಿನಾಂಕವನ್ನು ಹಿಂದಕ್ಕೆ ತಿರುಗಿಸಬಹುದು. ಬ್ರಿಟಿಷರ ದಾಖಲೆಗಳು 1752ಕ್ಕಿಂತ ಮೊದಲು ಹಳೆಯ ಕ್ಯಾಲೆಂಡರಿನಲ್ಲಿವೆ ಎಂಬುದನ್ನು ಮಾತ್ರ ಮರೆಯಬೇಡಿ. ಹತ್ತು ಹನ್ನೊಂದು ದಿನದ ಅಂತರದಲ್ಲಿ ಹುಣ್ಣಿಮೆ ಎಲ್ಲಿಗೋ ಹೋಗಿರುತ್ತದೆ.

ನಾಲ್ಕನೆಯ ಹೆಜ್ಜೆ: ಪತ್ರ ಬರೆದವರಾರು, ಓದಿದವರಾರು, ತಂದವರಾರು

ಪ್ರೇಮಪತ್ರವಿಲ್ಲದ ಐತಿಹಾಸಿಕ ಪ್ರೇಮಕಥೆ ಕಡಿಮೆ. ಪರೀಕ್ಷೆಯನ್ನು ಹಿಂದಿನಿಂದ ಶುರುಮಾಡಿ. 1901ರ ಜನಗಣತಿಯಲ್ಲಿ ಇಡೀ ಭಾರತದಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ. ಬೆಂಗಳೂರಿನಲ್ಲಿ ಲಂಡನ್ ಮಿಷನ್‌ನ ಹೆಂಗಸರು ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದದ್ದು 1840ರ ದಶಕದಲ್ಲಿ, ಮೈಸೂರಿನಲ್ಲಿ ಮಹಾರಾಣಿ ಶಾಲೆ ಶುರುವಾದದ್ದು 1881ರಲ್ಲಿ. ಅದಕ್ಕೂ ಮೊದಲು ಓದುಬರಹ ಬಲ್ಲ ಹೆಂಗಸರು ಇರಲೇ ಇಲ್ಲವೆಂದಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಕಾವ್ಯವನ್ನೇ ಬರೆದಳು. ಆದರೆ ಅಂಥವರು ವಿರಳ. ನಾಯಕಿಗೆ ಓದು ಬರುತ್ತದೆಂದಾದರೆ ಯಾರು ಕಲಿಸಿದರೆಂದು ಕಾದಂಬರಿ ಒಂದು ಸಾಲಿನಲ್ಲಾದರೂ ಹೇಳಬೇಕು.

ಓದು ಬರದಿದ್ದರೆ ಪತ್ರವನ್ನು ಮೂರನೆಯವರು ಗಟ್ಟಿಯಾಗಿ ಓದಿ ಹೇಳಬೇಕು. ತಮ್ಮನೋ ಭಾವನೋ ಅಂಚೆಯವನೋ ಜಗಲಿಯಲ್ಲಿ ಕೂತು ಓದುವ ಪತ್ರದಲ್ಲಿ ಪ್ರೇಮಿ ಏನು ಬರೆಯಬಲ್ಲ, ಅವಳಿಗಷ್ಟೇ ತಿಳಿಯುವಂತೆ ಯಾವುದನ್ನು ಹೇಗೆ ಅಡಗಿಸಬಲ್ಲ? ಪ್ರೇಮಕಥೆಗೆ ಇದಕ್ಕಿಂತ ಒಳ್ಳೆಯ ಸನ್ನಿವೇಶ ಉಂಟೇ? ಇತಿಹಾಸವನ್ನು ಸರಿಯಾಗಿ ಹಿಡಿದರೆ ಕಥೆ ಒಣಗುತ್ತದೆ ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ತಂದವರು ಯಾರು ಎಂಬುದಕ್ಕೆ ಉತ್ತರ ಸುಲಭ. ಮೈಸೂರಿಗೆ ತನ್ನದೇ ಆದ ಅಂಚೆ ವ್ಯವಸ್ಥೆ ಇತ್ತು. ಚಿಕ್ಕದೇವರಾಜ ಒಡೆಯರು ಶುರುಮಾಡಿದರೆನ್ನುವ ಆ ಅಂಚೆ ಸುದ್ದಿ ಸಾಗಿಸುವುದರ ಜೊತೆಗೆ ಸುದ್ದಿ ಸಂಗ್ರಹಿಸುವ ಕೆಲಸವನ್ನೂ ಮಾಡುತ್ತಿತ್ತು, ಅಂದರೆ ಪ್ರಜೆಗಳ ಮೇಲೆ ಒಂದು ಕಣ್ಣು. ಅಂಥ ಕೈಗೆ ಯಾವ ಪ್ರೇಮಿ ಪತ್ರ ಕೊಟ್ಟಾನು? 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ಸೇರಿತು. ಬ್ರಿಟಿಷ್ ಭಾರತದಲ್ಲಿ 1854ರಿಂದ ದೂರ ಎಷ್ಟೇ ಇರಲಿ ಹಗುರವಾದ ಕಾಗದಕ್ಕೆ ಅರ್ಧ ಆಣೆ. 1879ರ ಜುಲೈನಿಂದ ಕಾಲು ಆಣೆಗೆ ಕಾರ್ಡು. ಕಾರ್ಡನ್ನು ದಾರಿಯುದ್ದಕ್ಕೂ ಎಲ್ಲರೂ ಓದಬಹುದಾದ್ದರಿಂದ ಪ್ರೇಮಿಗಳಿಗೆ ಅದು ಪ್ರಯೋಜನಕ್ಕಿಲ್ಲ, ಮಾವನ ಮನೆಗೆ ಕ್ಷೇಮಸಮಾಚಾರ ಬರೆಯುವವರಿಗೆ ಸರಿ.

ಐದನೆಯ ಹೆಜ್ಜೆ: ಮರ, ಊಟ, ಸೀರೆ

ಇದನ್ನು ಎಲ್ಲರೂ ಮೊದಲು ಮಾಡುತ್ತಾರೆ, ತಪ್ಪು ಹಿಡಿಯುವ ಖುಷಿ ಇಲ್ಲಿ ಬೇಗ ಸಿಗುತ್ತದೆ. ನಾನು ಐದನೆಯ ಸ್ಥಾನಕ್ಕೆ ಇಳಿಸಿದ್ದೇನೆ.

ಬೆಂಗಳೂರಿನ ಬೀದಿಗಳ ನೇರಳೆ ಬಣ್ಣದ ಜಕರಂಡ ದಕ್ಷಿಣ ಅಮೆರಿಕದ ಮರ. ಋತುವಿಗೊಂದು ಬಣ್ಣದ ಹೂ ಬಿಡುವಂತೆ ಸಾಲುಮರಗಳನ್ನು ಬೆಳೆಸುವ ಯೋಜನೆ ಹೆಚ್ಚಾಗಿ 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ಅವರದು. ಗುಲ್‌ಮೊಹರ್ ಮಡಗಾಸ್ಕರಿನದು. ಟಿಪ್ಪುವಿನ ಕಾಲದ ಪ್ರೇಮಿಗಳು ಇವೆರಡರ ಕೆಳಗೂ ಕೂರುವಂತಿಲ್ಲ. ಹೊಂಗೆ, ಮಾವು, ಅರಳಿ ಧಾರಾಳವಾಗಿವೆ. ಲಾಲ್‌ಬಾಗ್ 1760ರಿಂದ ಇದೆ, ಆದರೆ ಅದು ಹೈದರನ ಖಾಸಗಿ ತೋಟ, ಪೇಟೆಯ ಹುಡುಗ ಹುಡುಗಿಯರು ಸುತ್ತಾಡಲು ಬಿಟ್ಟ ಜಾಗವಲ್ಲ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ.

ಮೆಣಸಿನಕಾಯಿ ಪೋರ್ಚುಗೀಸರ ನಂತರದ್ದು. ಹೊಯ್ಸಳರ ಅಡುಗೆಮನೆಯಲ್ಲಿ ಖಾರವೆಂದರೆ ಕರಿಮೆಣಸು, ಶುಂಠಿ. ಇಡ್ಲಿಗೆ ಅಭ್ಯಂತರವಿಲ್ಲ: ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲೇ ಇಡ್ಡಲಿಗೆಯಿದೆ. ಬೆಳಗಾಗೆದ್ದು ಮನೆಮನೆಯಲ್ಲೂ ಕಾಫಿ ಕುಡಿಯುವುದು ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತನೆಯದರ ಆರಂಭದ ಮಾತು. ಸೀರೆಯ ವಿಷಯದಲ್ಲಿ, ಮೈಸೂರಿನ ರೇಷ್ಮೆ ಕಾರ್ಖಾನೆ 1912ರದು. ಹಾಗೆಂದು ಅದಕ್ಕೂ ಮುಂಚೆ ಬೆಂಗಳೂರಿನ ಹೆಂಗಸರು ರೇಷ್ಮೆ ಉಡುತ್ತಿರಲಿಲ್ಲವೆಂದಲ್ಲ. 1800ರ ಮೇ ತಿಂಗಳಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಪೇಟೆಯ ನೇಕಾರರು ಯಾರು, ಯಾವ ಬಟ್ಟೆ ನೇಯುತ್ತಾರೆ, ಬಣ್ಣ ಹೇಗೆ ಕಟ್ಟುತ್ತಾರೆಂದು ಬೇಸರ ಬರುವಷ್ಟು ವಿವರವಾಗಿ ಬರೆದುಕೊಂಡಿದ್ದಾನೆ. ನೋಡಬೇಕಾದ್ದು ಅದನ್ನು. 1807ರಲ್ಲಿ ಅಚ್ಚಾದ ಅವನ ಪ್ರವಾಸಕಥನ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕಂಪನಿ ಸರ್ಕಾರಕ್ಕಾಗಿ ಆದಾಯ ಅಳೆಯಲು ಬಂದವನ ಕಣ್ಣು ಅದು ಎಂಬುದನ್ನು ನೆನಪಿನಲ್ಲಿಟ್ಟು ಓದಿ.

ಆರನೆಯ ಹೆಜ್ಜೆ: ಐತಿಹ್ಯವನ್ನೂ ಶಾಸನವನ್ನೂ ಅಕ್ಕಪಕ್ಕ ಇಡಿ

ಬೆಂಗಳೂರಿನಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಶಿವಗಂಗೆಗೆ ಹೋದವರಿಗೆಲ್ಲ ಬೆಟ್ಟದ ಒಂದು ಅಂಚನ್ನು ತೋರಿಸಿ, ಹೊಯ್ಸಳ ರಾಣಿ ಶಾಂತಲೆ ಇಲ್ಲಿಂದ ಹಾರಿ ಪ್ರಾಣ ಬಿಟ್ಟಳು ಎನ್ನುತ್ತಾರೆ. ಮಕ್ಕಳಾಗದ ದುಃಖ, ಗಂಡನಿಗೆ ಇನ್ನೊಂದು ಮದುವೆಯಾಗಲೆಂಬ ತ್ಯಾಗ, ಹೀಗೆ ಕಾರಣಗಳನ್ನೂ ಹೇಳುತ್ತಾರೆ. ನಾಟ್ಯರಾಣಿಯ ಈ ಕಥೆ ಎಷ್ಟು ಬಗೆಯಲ್ಲಿ ಬಂದಿದೆಯೆಂದು ನಿಮಗೇ ಗೊತ್ತು.

ಈಗ ಶ್ರವಣಬೆಳಗೊಳದ ಶಾಸನವನ್ನು ನೋಡಿ. 1131ರಲ್ಲಿ ಅವಳು ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗಕ್ಕೆ ಸಂದಳು ಎಂಬಷ್ಟನ್ನೇ ಅದು ಹೇಳುತ್ತದೆ. ಹಾರಿದ ಮಾತಿಲ್ಲ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಅನ್ನ ಬಿಟ್ಟು ಸಲ್ಲೇಖನದಿಂದ ದೇಹ ತ್ಯಜಿಸಿದ್ದು ಮಾತ್ರ ದಾಖಲಾಗಿದೆ. ಶಾಂತಲೆ ಜೈನಳು, ಜೈನರಲ್ಲಿ ವ್ರತದಿಂದ ಸಾಯುವ ಕ್ರಮವೊಂದಿತ್ತು ಎಂಬ ಹಿನ್ನೆಲೆಯಲ್ಲಿ ಈ ಶಾಸನವನ್ನು ಓದಬೇಕು. ಇನ್ನು ತ್ಯಾಗದ ವಿಷಯ. 1123ರಲ್ಲಿ ಅವಳು ಚಂದ್ರಗಿರಿಯ ಮೇಲೆ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಸವತಿಯರೆಂಬ ಆನೆಗಳಿಗೆ ಮದಗಜ ಎನ್ನುವುದು ಅವಳದೇ ಬಿರುದು, ಅದನ್ನು ಅವಳು ಕಲ್ಲಿನಲ್ಲಿ ಕೆತ್ತಿಸಿಕೊಂಡಿದ್ದಾಳೆ. ಗಂಡನನ್ನು ಕಣ್ಣೀರಿನೊಂದಿಗೆ ಬಿಟ್ಟುಕೊಡುವ ಹೆಂಗಸಿನ ದನಿ ಇದಲ್ಲ. ಈ ಮದಗಜವನ್ನು ಯಾವ ಕಾದಂಬರಿಯಾದರೂ ಪೂರ್ತಿಯಾಗಿ ಬರೆದರೆ ನಾನು ಸಾಲಿನಲ್ಲಿ ನಿಂತು ಕೊಂಡು ಓದುತ್ತೇನೆ.

ಊರಿನೊಳಗೂ ಅಂಥದೊಂದು ಕಥೆಯಿದೆ. ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ ಬಲಿಯಾದಳು, ಅವಳ ಸಮಾಧಿ ಕೋರಮಂಗಲದಲ್ಲಿದೆ ಎನ್ನುತ್ತದೆ ಐತಿಹ್ಯ. ಕೋಟೆಗೆ, ಕೆರೆಗೆ ಸೊಸೆ ಹಾರವಾಗುವ ಕಥೆ ಕನ್ನಡದ ಜನಪದದಲ್ಲಿ ಹಲವು ಊರುಗಳಲ್ಲಿದೆ. ಒಂದೇ ಕಥೆ ಹಲವು ಊರುಗಳಲ್ಲಿ ಸಿಕ್ಕರೆ ಅದನ್ನು ಒಬ್ಬಳ ಜೀವನಚರಿತ್ರೆಯೆಂದು ಓದುವುದಕ್ಕಿಂತ ಒಂದು ಸಮಾಜದ ಭಯವೆಂದು ಓದುವುದು ವಾಸಿ. ಕಾದಂಬರಿಯಲ್ಲಿ ಬಳಸಲು ಅಡ್ಡಿಯಿಲ್ಲ. ಮುನ್ನುಡಿಯಲ್ಲಿ ಇದು ನಡೆದ ಘಟನೆ ಎಂದಿದ್ದರೆ ಮಾತ್ರ ಚೀಟಿಯಲ್ಲಿ ಗುರುತು ಹಾಕಿ.

ಏಳನೆಯ ಹೆಜ್ಜೆ: ಎಲ್ಲಿಗೆ ಹೋಗಬೇಕು

ಶಾಸನಗಳಿಗೆ 'ಎಪಿಗ್ರಾಫಿಯ ಕರ್ನಾಟಿಕ'. ಬಿ.ಎಲ್. ರೈಸ್ ಆರಂಭಿಸಿದ ಈ ಮಾಲೆಯ ಎರಡನೆಯ ಸಂಪುಟ ಶ್ರವಣಬೆಳಗೊಳದ್ದು, 1905ರ ಒಂಬತ್ತನೆಯದು ಬೆಂಗಳೂರು ಜಿಲ್ಲೆಯದು. ಎರಡನ್ನೂ ಮನೆಯಲ್ಲೇ ಕೂತು ಇಳಿಸಿಕೊಳ್ಳಬಹುದು. ಕನ್ನಡ ಶಾಸನಗಳ ಮೂಲಪಾಠವೂ ಇರುವುದರಿಂದ ಅವುಗಳಿಗೆ ಇಂಗ್ಲಿಷ್ ಅನುವಾದವನ್ನು ನಂಬಿ ಕೂರಬೇಕಾಗಿಲ್ಲ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಿಂದ ಇದೆ. ಅಲ್ಲಿನ ತಂಡ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಉಳಿಸುತ್ತಿದೆ. ನಿಮ್ಮ ಬಡಾವಣೆಯ ವೀರಗಲ್ಲೂ ಅದರಲ್ಲಿ ಇರಬಹುದು.

ಹತ್ತೊಂಬತ್ತನೆಯ ಶತಮಾನದ ಸರ್ಕಾರಿ ಕಾಗದಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. ಗುರುತಿನ ಚೀಟಿ ಒಯ್ಯಿರಿ, ಏನು ಬೇಕೆಂಬುದನ್ನು ಖಚಿತವಾಗಿ ಬರೆದುಕೊಂಡು ಹೋಗಿ. ಪ್ರೇಮಕಾದಂಬರಿಗಾಗಿ ಎಂದು ಹೇಳಲು ಸಂಕೋಚವಾದರೆ ಹತ್ತೊಂಬತ್ತನೆಯ ಶತಮಾನದ ವಿವಾಹ ಪದ್ಧತಿ ಎನ್ನಿ, ಎರಡೂ ಒಂದೇ. ಮಿಷನರಿಗಳ ಕಾಗದಪತ್ರಗಳಿಗೆ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ. ಹೆಣ್ಣುಮಕ್ಕಳ ಶಾಲೆ, ಮತಾಂತರ, ಮನೆ ಬಿಟ್ಟು ಬಂದವರ ವಿಷಯ 'ಇತಿಹಾಸ' ಎಂಬ ಹಣೆಪಟ್ಟಿ ಇಲ್ಲದೆ ಇಂಥ ವರದಿಗಳಲ್ಲಿ ಸಿಗುತ್ತದೆ. ಸುಮ್ಮನೆ ಕೂತು ಓದುವವರಿಗೆ ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯ, ಬಸವನಗುಡಿಯ ವಿಶ್ವಸಂಸ್ಕೃತಿ ಸಂಸ್ಥೆ ಇವೆ.

ದಂಡಿನ ಕಥೆಯಾದರೆ ಚರ್ಚುಗಳ ಮದುವೆ ದಫ್ತರ ನೋಡಬೇಕು. ಮದ್ರಾಸ್ ಪ್ರಾಂತ್ಯದ ಚರ್ಚುಗಳ ದಫ್ತರದ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದುದರಿಂದ ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ, ಹಲವು ಅಂತರಜಾಲದಲ್ಲೂ ಸಿಗುತ್ತವೆ. ವಯಸ್ಸು, ಮೊದಲ ಮದುವೆಯೋ ವಿಧವೆಯೋ, ವರನ ದಳ, ಸಾಕ್ಷಿಗಳ ಹೆಸರು ಇಷ್ಟನ್ನು ಗಮನಿಸಿ.

ಎಂಟನೆಯ ಹೆಜ್ಜೆ: ಇಂಗ್ಲಿಷ್ ಕಾದಂಬರಿಗಳಿಗೂ ಅದೇ ಚೀಟಿ

ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ರಾಶಿಬಿದ್ದಿರುವ ಇಂಗ್ಲಿಷ್ ಪ್ರೇಮಕಾದಂಬರಿಗಳಲ್ಲಿ ಹೆಚ್ಚಿನವು ರೀಜೆನ್ಸಿ ಕಾಲದವು, ಅಂದರೆ ಮೂರನೆಯ ಜಾರ್ಜ್ ದೊರೆಯ ಬುದ್ಧಿ ಕೆಟ್ಟು ಮಗ ಆಡಳಿತ ನಡೆಸಿದ 1811ರಿಂದ 1820ರ ನಡುವಿನವು. ಪ್ರತಿ ಪುಸ್ತಕದಲ್ಲೂ ಒಬ್ಬ ತರುಣ, ಸುಂದರ, ಅವಿವಾಹಿತ ಡ್ಯೂಕ್, ಅಂದರೆ ಅತ್ಯುನ್ನತ ದರ್ಜೆಯ ಕುಲೀನ. ರಾಜಮನೆತನದವರನ್ನು ಬಿಟ್ಟರೆ ಆಗ ಬ್ರಿಟನ್ನಿನಲ್ಲಿದ್ದ ಡ್ಯೂಕ್‌ಗಳು ಮೂವತ್ತರ ಆಸುಪಾಸು, ಅವರಲ್ಲಿ ಎಷ್ಟೋ ಮಂದಿ ಮುದುಕರು.

ಓಡಿಹೋಗಿ ಸ್ಕಾಟ್ಲೆಂಡಿನಲ್ಲಿ ಮದುವೆಯಾಗುವ ಪ್ರಸಂಗ ಮಾತ್ರ ಗಟ್ಟಿ ಇತಿಹಾಸ. ಇಂಗ್ಲೆಂಡಿನಲ್ಲಿ 1753ರ ಕಾಯ್ದೆ ಇಪ್ಪತ್ತೊಂದು ತುಂಬದವರ ಮದುವೆಗೆ ಹೆತ್ತವರ ಒಪ್ಪಿಗೆಯ ಕಟ್ಟು ಹಾಕಿತು, ಸ್ಕಾಟ್ಲೆಂಡಿಗೆ ಅದು ಅನ್ವಯಿಸಲಿಲ್ಲ. ಗಡಿ ದಾಟಿದೊಡನೆ ಸಿಗುವ ಗ್ರೆಟ್ನಾ ಗ್ರೀನ್ ಹೆಸರುವಾಸಿಯಾದದ್ದು ಹಾಗೆ. ಇನ್ನು ಮರುಮದುವೆಗೆ ದಾರಿ ಬಿಡುವ ವಿಚ್ಛೇದನಕ್ಕೆ 1857ರ ಕಾಯ್ದೆ ಬರುವವರೆಗೆ ಪಾರ್ಲಿಮೆಂಟಿನಲ್ಲಿ ಖಾಸಗಿ ಮಸೂದೆಯೇ ಆಗಬೇಕಿತ್ತು. ಅದೇ ಕಾಲದಲ್ಲಿ ನಮ್ಮ ಅನೇಕ ಜಾತಿಗಳಲ್ಲಿ ಪಂಚಾಯಿತಿಯ ಮುಂದೆ ಸೀರೆ ಕೊಟ್ಟು ಕೂಡಿಕೆ ಮಾಡಿಕೊಳ್ಳಬಹುದಿತ್ತು.

ಕೊನೆಯ ಹೆಜ್ಜೆ: ಯಾವುದನ್ನು ಕ್ಷಮಿಸಬೇಕು

ಚೀಟಿ ತುಂಬಿದ ಮೇಲೆ ತಪ್ಪುಗಳನ್ನು ಎಣಿಸಬೇಡಿ. ಪ್ರತಿ ತಪ್ಪಿನ ಮುಂದೆ ಒಂದೇ ಪ್ರಶ್ನೆ ಬರೆಯಿರಿ: ಇದನ್ನು ಸರಿಪಡಿಸಿದರೆ ಕಥೆ ನಿಲ್ಲುತ್ತದೆಯೇ? ಜಕರಂಡದ ಬದಲು ಹೊಂಗೆ ಹಾಕಿದರೆ ಏನೂ ಆಗುವುದಿಲ್ಲ, ಅದನ್ನು ನಕ್ಕು ಬಿಟ್ಟುಬಿಡಿ. ದಂಡು ಹುಟ್ಟುವ ಮೊದಲೇ ದಂಡಿನ ಕಲೆಕ್ಟರ್ ಬಂದಿದ್ದರೆ ಇಸವಿಯನ್ನು ಹತ್ತು ವರ್ಷ ಮುಂದೆ ಸರಿಸಿಕೊಂಡು ಓದಿ. ಆದರೆ ಸಾಹುಕಾರರ ಮಗಳ ಪತ್ರವನ್ನು ತೆಗೆದರೆ, ಅವಳ ವಯಸ್ಸನ್ನು ತಿದ್ದಿದರೆ, ಅವಳು ಒಬ್ಬಳೇ ಮನೆಯಿಂದ ಹೊರಬರುವುದನ್ನು ತಡೆದರೆ ಇಡೀ ಕಥೆಯೇ ಕುಸಿಯುತ್ತದೆ ಎಂದಾದರೆ, ಲೇಖಕರು ಈಗಿನ ಇಬ್ಬರಿಗೆ ಹಳೆಯ ಬಟ್ಟೆ ತೊಡಿಸಿ ಕೋಟೆಯೊಳಗೆ ನಿಲ್ಲಿಸಿದ್ದಾರೆ ಎಂದರ್ಥ. ಅದನ್ನು ಲೇಖಕರಿಗೆ ಪತ್ರದಲ್ಲಿ ತಿಳಿಸಿ. ಬರೆಯುವಾಗ ಮಾರ್ಚ್ 21ರ ಬೆಳದಿಂಗಳಿನಂಥ ಒಂದು ವಿವರವನ್ನಾದರೂ ಜೊತೆಗಿಡಿ. ಮುಂದಿನ ಮುದ್ರಣಕ್ಕೋ ಮುಂದಿನ ಕಾದಂಬರಿಗೋ ಅವರಿಗೆ ಅದು ಬೇಕಾಗುತ್ತದೆ.